ಎಕ್ಸೆಲ್‌ನಲ್ಲಿ ಸಾಲು ತಪ್ಪದಿರಲಿ

ಕಳೆದ ವರ್ಷ ರಾಜ್ಯೋತ್ಸವದ ಸ್ಪರ್ಧೆಗಳಿಗೆ ಹೆಸರು ಕೊಟ್ಟವರ ಪಟ್ಟಿ ನನ್ನ ಲ್ಯಾಪ್‌ಟಾಪ್‌ನಲ್ಲಿತ್ತು. ಹೆಸರುಗಳನ್ನ ಅಕ್ಷರಕ್ರಮದಲ್ಲಿ ಜೋಡಿಸೋಣ ಅಂತ ಆ ಒಂದು ಕಾಲಂ ಮಾತ್ರ ಆರಿಸಿ ಸಾರ್ಟ್ ಒತ್ತಿದೆ. ಎಕ್ಸೆಲ್ ಏನೋ ಕೇಳಿತು, ಓದದೆ ಎರಡನೇ ಆಯ್ಕೆ ಒತ್ತಿಬಿಟ್ಟೆ. ಹೆಸರುಗಳಷ್ಟೇ ಜಾಗ ಬದಲಿಸಿದವು. ಪಕ್ಕದ ಯುಎಸ್‌ಎನ್, ಬ್ರಾಂಚ್, ಸ್ಪರ್ಧೆ ಇದ್ದಲ್ಲೇ ಉಳಿದವು. ಗೊತ್ತಾಗಿದ್ದು ಪ್ರಮಾಣಪತ್ರ ಪ್ರಿಂಟ್ ಆದ ಮೇಲೆ. ಭಾವಗೀತೆ ಹಾಡಿದ ಹುಡುಗಿಗೆ ಹಗ್ಗಜಗ್ಗಾಟದ ಪ್ರಮಾಣಪತ್ರ! ಫೈಲ್ ಸೇವ್ ಮಾಡಿ ಮುಚ್ಚಿದ್ದರಿಂದ ಕಂಟ್ರೋಲ್+ಝಡ್ ಕೂಡ ಕೈಕೊಟ್ಟಿತ್ತು.

ಇದಕ್ಕೆ ಮದ್ದು ಕಂಟ್ರೋಲ್+ಟಿ. ಪಟ್ಟಿಯೊಳಗೆ ಎಲ್ಲಾದರೂ ಕ್ಲಿಕ್ ಮಾಡಿ ಇದನ್ನ ಒತ್ತಿ, ಓಕೆ ಕೊಡಿ. ಪಟ್ಟಿ ‘ಟೇಬಲ್’ ಆಗುತ್ತೆ. ಆಮೇಲೆ ಯಾವ ಕಾಲಂನಿಂದ ಸಾರ್ಟ್ ಮಾಡಿದರೂ ಇಡೀ ಸಾಲು ಒಟ್ಟಿಗೇ ಚಲಿಸುತ್ತೆ. ಒಂದು ಸೆಲ್‌ನಲ್ಲಿ ಫಾರ್ಮುಲಾ ಬರೆದರೆ ಕಾಲಂ ಪೂರ್ತಿ ತಾನೇ ತುಂಬಿಕೊಳ್ಳುತ್ತೆ, ಕೆಳಗಿನವರೆಗೂ ಎಳೆಯೋ ಕೆಲಸವಿಲ್ಲ.

ಇನ್ನು ನಮ್ಮೆಲ್ಲರ ಮೆಚ್ಚಿನ ವಿಲುಕಪ್. ಇದರಲ್ಲಿ ಒಂದು ಗುಂಡಿ ಇದೆ. ಕೊನೆಯ, ಅಂದರೆ ನಾಲ್ಕನೇ ಜಾಗವನ್ನ ಖಾಲಿ ಬಿಟ್ಟರೆ ಅದು ‘ಅಂದಾಜು ಹೊಂದಿಕೆ’ ಹುಡುಕುತ್ತೆ. ಇಂಟರ್ನಲ್ಸ್ ಅಂಕಗಳ ಪಟ್ಟಿಯಲ್ಲಿ ರೋಲ್ ನಂಬರ್ 45, 46, 48 ಇವೆ ಅಂದ್ಕೊಳ್ಳಿ, 47ನೆಯವರು ಗೈರು. ನೀವು 47 ಹುಡುಕಿದರೆ ಅದು ‘ಸಿಗಲಿಲ್ಲ’ ಅನ್ನಲ್ಲ, 46ನೆಯವರ ಅಂಕವನ್ನ ತಣ್ಣಗೆ ತಂದಿಡುತ್ತೆ. ಪರೀಕ್ಷೆಗೆ ಬಾರದವರು ಪಾಸ್! ಪಟ್ಟಿ ಕ್ರಮದಲ್ಲಿ ಇಲ್ಲದಿದ್ದರಂತೂ ಏನು ಬರುತ್ತೋ ಹೇಳಕ್ಕಾಗಲ್ಲ. ಆದ್ದರಿಂದ ಕೊನೆಗೆ ಫಾಲ್ಸ್ ಅಥವಾ 0 ಬರೆಯಿರಿ. ಆಗ ಸಿಗದಿದ್ದಲ್ಲಿ #ಎನ್/ಎ ಬರುತ್ತೆ. ಅದನ್ನ ನೋಡಿ ಬೇಜಾರಾಗಬೇಡಿ, ತಪ್ಪು ಅಂಕಕ್ಕಿಂತ ಅದು ಎಷ್ಟೋ ವಾಸಿ. ಎಕ್ಸೆಲ್ 2021 ಅಥವಾ ಮೈಕ್ರೋಸಾಫ್ಟ್ 365 ಇದ್ದವರು ಎಕ್ಸ್‌ಲುಕಪ್ ಬಳಸಿ. ಅದು ತಾನಾಗಿಯೇ ಕರಾರುವಾಕ್ಕಾದ ಹೊಂದಿಕೆ ಹುಡುಕುತ್ತೆ.

ನಂಬರ್ ಕಣ್ಣೆದುರೇ ಇದ್ದರೂ #ಎನ್/ಎ ಬರ್ತಿದೆಯಾ? ಎರಡು ಕಡೆ ನೋಡಿ. ಒಂದು, ಟೈಪ್ ಮಾಡಿದವರು ಕೊನೆಗೊಂದು ಸ್ಪೇಸ್ ಬಿಟ್ಟಿರಬಹುದು. ಟ್ರಿಮ್ ಫಂಕ್ಷನ್ ಅದನ್ನ ಕತ್ತರಿಸುತ್ತೆ. ಇನ್ನೊಂದು, ಒಂದು ಪಟ್ಟಿಯಲ್ಲಿ 47 ಸಂಖ್ಯೆಯಾಗಿ, ಇನ್ನೊಂದರಲ್ಲಿ ಅಕ್ಷರವಾಗಿ ಇರಬಹುದು. ಸೆಲ್‌ನ ಎಡಮೂಲೆಯಲ್ಲಿ ಪುಟ್ಟ ಹಸಿರು ತ್ರಿಕೋನ ಕಂಡರೆ ಇದೇ ಗುಮಾನಿ.

ಬ್ಯಾಂಕ್ ಖಾತೆ ನಂಬರ್ ತುಂಬುವಾಗ ಇದರ ಉಲ್ಟಾ ಮಾಡಬೇಕು: ಮೊದಲೇ ಆ ಕಾಲಂನ ಫಾರ್ಮ್ಯಾಟ್ ಟೆಕ್ಸ್ಟ್ ಅಂತ ಬದಲಿಸಿ. ಇಲ್ಲದಿದ್ದರೆ ಮುಂದಿನ ಸೊನ್ನೆಗಳು ಮಾಯ, 15 ಅಂಕಿ ದಾಟಿದರೆ ಉಳಿದವೆಲ್ಲ ಸೊನ್ನೆ. ಟೈಪ್ ಮಾಡಿದ ಮೇಲೆ ಫಾರ್ಮ್ಯಾಟ್ ಬದಲಿಸಿದರೆ ಹೋದ ಅಂಕಿ ಮರಳಿ ಬರಲ್ಲ. ಬಹುಮಾನದ ಹಣ ಕಳಿಸೋ ಖಜಾಂಚಿಗಳು ಇದನ್ನ ಗಮನಿಸಿ.

ಯುಎಸ್‌ಎನ್‌ನಿಂದ ಬ್ರಾಂಚ್ ಕೋಡ್ ಬೇರೆ ಮಾಡಬೇಕಾ? ಪಕ್ಕದ ಕಾಲಂನಲ್ಲಿ ಮೊದಲನೆಯದನ್ನ ನೀವೇ ಬರೆದು, ಅದರ ಕೆಳಗಿನ ಸೆಲ್‌ನಲ್ಲಿ ಕಂಟ್ರೋಲ್+ಇ ಒತ್ತಿ. ಉಳಿದದ್ದನ್ನ ಅದೇ ಊಹಿಸಿ ತುಂಬುತ್ತೆ. ಊಹೆ ಅನ್ನೋದು ನೆನಪಿರಲಿ, ಒಮ್ಮೆ ಕಣ್ಣಾಡಿಸಿ.

ನಮ್ಮ ಪ್ರಮಾಣಪತ್ರಗಳು ಕೊನೆಗೆ ಸರಿಯಾಗಿದ್ದು, ಫಾರ್ಮ್‌ನಿಂದ ಬಂದ ಮೂಲ ಪಟ್ಟಿ ಜೂನಿಯರ್ ಒಬ್ಬನ ಹತ್ತಿರ ಹಾಗೇ ಇದ್ದದ್ದರಿಂದ. ಈಗ ಯಾವ ಫೈಲ್ ಬಂದರೂ ಮೊದಲ ಶೀಟ್‌ಗೆ ‘ಮೂಲ – ಮುಟ್ಟಬೇಡಿ’ ಅಂತ ಹೆಸರಿಟ್ಟು, ಕೆಲಸವನ್ನೆಲ್ಲ ಅದರ ನಕಲಿನಲ್ಲೇ ಮಾಡ್ತೀನಿ.