ಮಾಯದ ಗಾಯಕ್ಕೆ ಕೊಲಾಜೆನ್ ಹಾಳೆ: ರಾಂಪುರ ಸೀಮೆಯವರು ಮಾಡಬೇಕಾದ್ದು, ಮಾಡಬಾರದ್ದು

ರಾಂಪುರ, ದೇವಸಮುದ್ರ, ಬಿ.ಜಿ.ಕೆರೆ ಕಡೆ ಕಾಲಿಗೆ ಗಾಯವಾಗಲು ಹೆಚ್ಚು ಕಾರಣ ಬೇಕಿಲ್ಲ. ಕುರಿ ಹಿಂದೆ ಹೋದವರಿಗೆ ಬಳ್ಳಾರಿ ಜಾಲಿ ಮುಳ್ಳು, ಬೈಕಿನವರಿಗೆ ಸೈಲೆನ್ಸರ್ ಸುಟ್ಟ ಗಾಯ, ಮಿರ್ಚಿ ಅಂಗಡಿಯವರಿಗೆ ಕಾದ ಎಣ್ಣೆ. ಬಹುಪಾಲು ಗಾಯ ಎರಡು-ಮೂರು ವಾರದಲ್ಲಿ ತಾನಾಗಿ ಮಾಯುತ್ತದೆ. ಮಾಯದೆ ತಿಂಗಳುಗಟ್ಟಲೆ ಉಳಿಯುವ ಹುಣ್ಣುಗಳಿಗೆ ಸಂಬಂಧಿಸಿದ್ದು ಈ ಸೂಚನೆ. ಪೇಟೆ ಆಸ್ಪತ್ರೆಯಲ್ಲಿ ‘ಕೊಲಾಜೆನ್ ಹಾಳೆ ಹಾಕೋಣ’ ಎಂದಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಮನೆಯಲ್ಲಿ ಒಬ್ಬರಾದರೂ ಓದಿಟ್ಟುಕೊಳ್ಳಿ.

ಕೊಲಾಜೆನ್ ನಮ್ಮ ಮೈಯಲ್ಲೇ ಇರುವ ಪ್ರೋಟೀನ್. ಚರ್ಮಕ್ಕೂ ಎಲುಬಿಗೂ ಬಲ ಕೊಡುವುದು ಅದೇ. ದೇಹದ ಒಟ್ಟು ಪ್ರೋಟೀನಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಅದು. ಗಾಯಕ್ಕೆ ಹಾಕುವ ಹಾಳೆ, ಪುಡಿಗಳನ್ನು ದನ, ಹಂದಿ ಅಥವಾ ಮೀನಿನಿಂದ ತೆಗೆದ ಕೊಲಾಜೆನ್ನಿನಿಂದ ಮಾಡುತ್ತಾರೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇದರ ಮೇಲೆ ಬಹುಕಾಲ ಕೆಲಸ ಮಾಡಿದೆ. ಹಿಂದಿನ ಕಾಲದಿಂದ ಹೊಲಿಗೆಗೆ ಬಳಸುತ್ತಿದ್ದ, ಕುರಿ ಕರುಳಿನಿಂದಲೂ ಮಾಡುತ್ತಿದ್ದ ಕ್ಯಾಟ್‌ಗಟ್ ದಾರವೂ ಕೊಲಾಜೆನ್ನೇ. ಆದ್ದರಿಂದ ಇದೇನೂ ನಿನ್ನೆ ಮೊನ್ನೆ ಹುಟ್ಟಿದ ಮಾಯಾಮದ್ದಲ್ಲ. ಹಳೆಯ ಹುಣ್ಣಿನಲ್ಲಿ ಕೆಲವು ಕಿಣ್ವಗಳು ಮಿತಿಮೀರಿ, ಹುಟ್ಟುತ್ತಿರುವ ಹೊಸ ಮಾಂಸವನ್ನೇ ಕರಗಿಸುತ್ತಿರುತ್ತವೆ. ಹಾಳೆ ಹಾಕಿದರೆ ಆ ಕಿಣ್ವಗಳು ಹಾಳೆಯ ಮೇಲೆ ಬೀಳುತ್ತವೆ, ಹೊಸ ಮಾಂಸಕ್ಕೆ ಬಿಡುವು ಸಿಗುತ್ತದೆ. ಬಳ್ಳಿಗೆ ಹಂದರ ಹಾಕಿಕೊಟ್ಟಂತೆ, ಜೀವಕೋಶಗಳು ಹಬ್ಬಲು ಆಸರೆಯೂ ಆಗುತ್ತದೆ. ಇಷ್ಟೇ ಅದರ ಕೆಲಸ. ಕೀವು ತೆಗೆಯುವುದು, ಸಕ್ಕರೆ ಇಳಿಸುವುದು, ಬತ್ತಿದ ರಕ್ತನಾಳಕ್ಕೆ ರಕ್ತ ತರುವುದು ಅದರ ಕೈಯಲ್ಲಿಲ್ಲ.

ಹಾಳೆಗೆ ಮುಂಚೆ ಮಾಡಬೇಕಾದ್ದು

ಗಾಯ ಯಾಕೆ ಮಾಯುತ್ತಿಲ್ಲ ಎಂದು ಮೊದಲು ಪತ್ತೆ ಮಾಡಿಸಿ. ರಕ್ತದ ಸಕ್ಕರೆ ನೋಡಿಸಲೇಬೇಕು, ‘ನನಗೆ ಶುಗರ್ ಇಲ್ಲ’ ಎನ್ನುವವರೂ. ಹಳೆಯ ಕಾಲು ಹುಣ್ಣಿನಿಂದಲೇ ಸಕ್ಕರೆ ಕಾಯಿಲೆ ಗೊತ್ತಾಗುವುದುಂಟು. ಪಾದದ ನಾಡಿ ಸಿಗುತ್ತದೆಯೇ, ಅಂಗಾಲಿನಲ್ಲಿ ಸ್ಪರ್ಶಜ್ಞಾನ ಇದೆಯೇ ಎಂದು ವೈದ್ಯರಲ್ಲಿ ಕೇಳಿ ಪರೀಕ್ಷೆ ಮಾಡಿಸಿಕೊಳ್ಳಿ. ಜೋಮು ಹಿಡಿದ ಪಾದಕ್ಕೆ ಸಕ್ಕರೆ ಕಾಯಿಲೆ ಕಾರಣವಿರಬಹುದು, ಕುಷ್ಠರೋಗವೂ ಇರಬಹುದು. ಕುಷ್ಠಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ಮುಚ್ಚಿಡಬೇಡಿ. ವರ್ಷಗಟ್ಟಲೆ ಇರುವ, ಅಂಚು ಗಂಟುಗಂಟಾಗಿ ಎದ್ದ ಹುಣ್ಣಿನಿಂದ ಚೂರು ತೆಗೆದು ಪರೀಕ್ಷಿಸಲೇಬೇಕು, ಅದು ಕ್ಯಾನ್ಸರ್ ಆಗಿರಬಹುದು.

ಸತ್ತ ಮಾಂಸ, ಕಪ್ಪು ಹಕ್ಕಳೆ, ಕೀವು ಎಲ್ಲವನ್ನೂ ತೆಗೆಸಿ, ಗಾಯದ ತಳ ಕೆಂಪಗೆ ಸ್ವಚ್ಛವಾದ ಮೇಲೆಯೇ ಹಾಳೆ. ಕೊಳಕಿನ ಮೇಲೆ ಹಾಕಿದ ಹಾಳೆ ಕೀವಿಗೆ ಮುಚ್ಚಳವಾಗುತ್ತದೆ, ಅಷ್ಟೆ.

ಅಂಗಾಲಿನ ಹುಣ್ಣಾದರೆ ಭಾರ ತಪ್ಪಿಸಲೇಬೇಕು. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ನಮ್ಮಲ್ಲಿ ಯಾರೂ ಕೇಳದ ಮಾತು ಇದೇ. ಮೊಳಕಾಲ್ಮೂರು ಸೀರೆ ನೇಯುವವರು ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಹಲಗೆ ತುಳಿಯುತ್ತಾರೆ. ಹುಣ್ಣಿರುವ ಪಾದದಲ್ಲಿ ತುಳಿಯುತ್ತಲೇ ಇದ್ದರೆ ಯಾವ ಹಾಳೆಯೂ ನಿಲ್ಲದು. ಜೋಮು ಹಿಡಿದ ಕಾಲಿಗೆ ನೋವು ಗೊತ್ತಾಗುವುದಿಲ್ಲ. ನೋವಿಲ್ಲವೆಂದು ಗಾಯ ವಾಸಿಯಾಗುತ್ತಿದೆ ಎಂದುಕೊಳ್ಳುತ್ತಾರೆ. ವೈದ್ಯರು ಪಾದಕ್ಕೆ ಪ್ಲಾಸ್ಟರ್ ಅಥವಾ ವಿಶೇಷ ಚಪ್ಪಲಿ ಹೇಳಿದರೆ ಅದನ್ನೇ ದೊಡ್ಡ ಮದ್ದೆಂದು ತಿಳಿಯಿರಿ. ಮಗ್ಗ, ಹೊಲ, ಕುರಿ ಕೆಲಸವನ್ನು ಕೆಲವು ವಾರ ಮನೆಯ ಬೇರೆಯವರು ಹೊರಲಿ.

ಹಾಳೆ ಯಾವ ಪ್ರಾಣಿಯದ್ದು ಎಂದು ಕೇಳಿ ತಿಳಿದುಕೊಳ್ಳಿ. ಧರ್ಮದ ಕಾರಣಕ್ಕೋ ಆಚಾರದ ಕಾರಣಕ್ಕೋ ದನದ್ದು, ಹಂದಿಯದ್ದು ಬೇಡವೆನಿಸಿದರೆ ಮೊದಲೇ ಹೇಳಿ, ಮೀನಿನದ್ದೂ ಸಿಗುತ್ತದೆ. ಮೀನು ತಿಂದರೆ ಮೈ ಕೆರೆತ, ಉಬ್ಬಸ ಬರುವವರು ಅದನ್ನೂ ಹೇಳಬೇಕು.

ಇನ್ನೊಂದು ಮಾತು, ಹಾಳೆ ಮಾರುವವರು ಹೇಳಲಾರರು. ಮಧುಮೇಹಿಗಳ ಪಾದದ ಕುರಿತು ಕೆಲಸ ಮಾಡುವ ಅಂತರರಾಷ್ಟ್ರೀಯ ತಜ್ಞರ ಗುಂಪು 2023ರ ಮಾರ್ಗಸೂಚಿಯಲ್ಲಿ, ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು ಮಾಯಿಸಲೆಂದು ಕೊಲಾಜೆನ್ ಪಟ್ಟಿ ಬಳಸಬೇಡಿ ಎಂದೇ ಹೇಳಿದೆ. ಲಾಭಕ್ಕೆ ಗಟ್ಟಿ ಪುರಾವೆ ಸಾಲದು ಎಂಬುದು ಕಾರಣ. ಚರ್ಮದ ಮೇಲುಪದರ ಸುಟ್ಟ ಗಾಯಕ್ಕೆ, ಕಸಿಗಾಗಿ ಚರ್ಮ ತೆಗೆದ ಜಾಗಕ್ಕೆ ನಮ್ಮ ದೇಶದಲ್ಲಿ ಇದನ್ನು ಬಳಸುವುದು ರೂಢಿ. ಹಾಗಾಗಿ ಸಾಲ ಮಾಡಿ, ಕುರಿ ಮಾರಿ ಹಾಳೆ ತರುವ ಮೊದಲು ‘ನನ್ನ ಗಾಯಕ್ಕೆ ಇದು ಯಾಕೆ ಬೇಕು, ಇಲ್ಲದಿದ್ದರೆ ಏನಾಗುತ್ತೆ ಸಾರ್?’ ಎಂದು ಕೇಳಿ. ಕೇಳಿದರೆ ತಪ್ಪಿಲ್ಲ.

ಮಾಡಬಾರದ್ದು

ಔಷಧದ ಅಂಗಡಿಯಿಂದ ತಂದು ಮನೆಯಲ್ಲೇ ಅಂಟಿಸಬೇಡಿ. ಅನೇಕ ಹಾಳೆಗಳು ಸ್ಪಿರಿಟ್ ಜಾತಿಯ ದ್ರಾವಣದಲ್ಲಿ ನೆನೆದು ಬರುತ್ತವೆ. ಸಲೈನಿನಲ್ಲಿ ಚೆನ್ನಾಗಿ ತೊಳೆಯದೆ ಹಾಕಿದರೆ ಗಾಯ ಉರಿದು ಹೋಗುತ್ತದೆ.

ಕ್ರಿಮಿ ಸಾಯಲಿ ಎಂದು ಹಾಳೆಯನ್ನು ಕುದಿಸಬೇಡಿ, ಬಿಸಿನೀರಿಗೂ ಹಾಕಬೇಡಿ. ಬಿಸಿಗೆ ಕೊಲಾಜೆನ್ ಜಿಲಾಟಿನ್ ಆಗಿ ಕೆಡುತ್ತದೆ. ನಮ್ಮ ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯಲ್ಲಿ, ತಗಡಿನ ಮನೆಯ ಅಟ್ಟದಲ್ಲಿ ಇಡುವುದೂ ಬೇಡ. ಕವರಿನ ಮೇಲೆ ಬರೆದ ಉಷ್ಣತೆ ನೋಡಿ ಇಡಿ. ಒಡೆದ ಕವರಿನಲ್ಲಿ ಉಳಿದ ಅರ್ಧ ಹಾಳೆಯನ್ನು ‘ನಾಳೆಗಾಗುತ್ತೆ’ ಎಂದು ಎತ್ತಿಡಬೇಡಿ.

ಕಾಫಿಪುಡಿ, ಸುಣ್ಣ, ಬೂದಿ, ನಶ್ಯ, ಟೂತ್‌ಪೇಸ್ಟ್, ಎಲೆರಸ ಯಾವುದನ್ನೂ ಗಾಯಕ್ಕೆ ಮೆತ್ತಬೇಡಿ. ನೊರೆ ಬರುತ್ತದೆಂಬ ಖುಷಿಗೆ ದಿನವೂ ಹೈಡ್ರೋಜನ್ ಪೆರಾಕ್ಸೈಡ್ ಸುರಿಯಬೇಡಿ, ಅದು ಹೊಸ ಮಾಂಸವನ್ನೂ ಸುಡುತ್ತದೆ. ಸುಟ್ಟ ಗಾಯಕ್ಕೆ ಮೊದಲ ಮದ್ದು ತಣ್ಣೀರು: 20 ನಿಮಿಷ ಹರಿಯುವ ನೀರಿನಡಿ ಹಿಡಿಯಿರಿ, ಐಸ್ ಬೇಡ. ಚರ್ಮ ಆಳಕ್ಕೆ ಸುಟ್ಟು ಬಿಳುಪಾಗಿದ್ದರೆ ಅಥವಾ ಕರಕಲಾಗಿದ್ದರೆ ಅದು ಕೊಲಾಜೆನ್ ಹಾಳೆಯ ಗಾಯವಲ್ಲ. 108ಕ್ಕೆ ಕರೆ ಮಾಡಿ.

ತಿನ್ನುವ ಕೊಲಾಜೆನ್ ಪುಡಿ, ಮುಖಕ್ಕೆ ಹಚ್ಚುವ ಕೊಲಾಜೆನ್ ಕ್ರೀಮು ಗಾಯಕ್ಕೆ ಸಂಬಂಧಪಟ್ಟವಲ್ಲ. ಆ ದುಡ್ಡಿಗೆ ಮೊಟ್ಟೆ, ಬೇಳೆ ತನ್ನಿ. ನಂಜಾಗುತ್ತದೆಂದು ಶೇಂಗಾ, ಮೊಟ್ಟೆ, ಬದನೆಕಾಯಿ ಬಿಡಿಸಿ ಬರೀ ಗಂಜಿ ಕೊಡುವ ಅಜ್ಜಿಯರಿಗೆ ಕೈಮುಗಿದು ಹೇಳಿ: ಹೊಸ ಮಾಂಸ ಕಟ್ಟಲು ಪ್ರೋಟೀನೇ ಬೇಕು ಅಜ್ಜಿ, ಗಂಜಿಯಲ್ಲಿ ಅದು ಸಾಲದು. (ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರು ಹೇಳಿದಷ್ಟೇ ತಿನ್ನಬೇಕು.) ಬೀಡಿ ಸೇದುವುದನ್ನು ನಿಲ್ಲಿಸಿ. ಕಾಲಿನ ರಕ್ತನಾಳ ಮುಚ್ಚಿ ಬೆರಳು ಕಪ್ಪಾಗುವುದರಲ್ಲಿ ಬೀಡಿಯ ಕೈವಾಡ ದೊಡ್ಡದು.

ಹಾಳೆ ಹಾಕಿದ ಮೇಲೆ

ಹಾಳೆ ತಾನಾಗಿ ಕರಗಲಿ ಅಥವಾ ಕಳಚಲಿ, ಎಳೆದು ಕೀಳಬೇಡಿ. ಸುಟ್ಟ ಗಾಯದ ಮೇಲೆ ಅದು ಒಣಗಿ ಹಕ್ಕಳೆಯಂತೆ ಕೂರುತ್ತದೆ, ಅಡಿಯಲ್ಲಿ ಚರ್ಮ ಬಂದಂತೆ ಅಂಚಿನಿಂದ ಬಿಡುತ್ತದೆ. ಬಿಟ್ಟ ಅಂಚನ್ನು ಮಾತ್ರ ಆಸ್ಪತ್ರೆಯಲ್ಲಿ ಕತ್ತರಿಸುತ್ತಾರೆ. ಹಳೆಯ ಹುಣ್ಣಿನಲ್ಲಿ ಅದು ಲೋಳೆಯಂತೆ ಕರಗಿ ಹಳದಿಯಾಗಿ ಕಾಣಬಹುದು. ಅದನ್ನು ಕಂಡು ಗಾಬರಿಯಾಗಿ ಉಜ್ಜಿ ತೊಳೆಯಬೇಡಿ, ಪಟ್ಟಿ ಬದಲಿಸುವ ದಿನ ತೋರಿಸಿ. ಅಡಿಯಲ್ಲಿ ನೀರು ತುಂಬಿ ಉಬ್ಬಿದರೆ ನೀವು ಸೂಜಿ ಚುಚ್ಚಬೇಡಿ. ಪಟ್ಟಿಗೆ ನೀರು, ಹೊಲದ ಮಣ್ಣು, ಸಗಣಿ ತಾಗದಂತೆ ನೋಡಿಕೊಳ್ಳಿ.

ವಾರಕ್ಕೊಮ್ಮೆ ಗಾಯದ ಉದ್ದ, ಅಗಲ ಅಳೆದು ಚೀಟಿಯಲ್ಲಿ ಬರೆಸಿ, ಇಲ್ಲವೇ ಪಟ್ಟಿ ಬಿಚ್ಚಿದಾಗ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಸಕ್ಕರೆ ಕಾಯಿಲೆಯ ಪಾದದ ಹುಣ್ಣು 4 ವಾರದ ಚಿಕಿತ್ಸೆಯಲ್ಲಿ ಸುಮಾರು ಅರ್ಧಕ್ಕೆ ಇಳಿಯದಿದ್ದರೆ, ಅದೇ ಹಾಳೆಯನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತ ಕೂರಬೇಡಿ. ಚಿಕಿತ್ಸೆಯನ್ನೇ ಮರುಪರಿಶೀಲಿಸಬೇಕು, ಬಳ್ಳಾರಿ, ದಾವಣಗೆರೆಯಂಥ ಕಡೆ ಶಸ್ತ್ರಚಿಕಿತ್ಸಕರಿಗೆ ತೋರಿಸಿ.

ಜ್ವರ, ಕೆಟ್ಟ ವಾಸನೆ, ಗಾಯದ ಸುತ್ತ ಹಬ್ಬುವ ಕೆಂಪು, ಬೆರಳು ಕಪ್ಪಾಗುವುದು, ಹುಣ್ಣಿನ ತಳದಲ್ಲಿ ಎಲುಬು ಕಾಣುವುದು: ಇವುಗಳಲ್ಲಿ ಒಂದೇ ಕಂಡರೂ ಮುಂದಿನ ತಪಾಸಣೆಯ ತಾರೀಖಿಗೆ ಕಾಯದೆ ಅಂದೇ ಹೊರಡಿ.

ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ತಿಂಗಳು ದಾಟಿದ ಕಾಲು ಹುಣ್ಣಿನವರು ಇದ್ದರೆ ಈ ವಾರವೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರೇಷನ್ ಕಾರ್ಡ್, ಆಧಾರ್, ಹಳೆಯ ಚೀಟಿಗಳು, ಈಗ ತಿನ್ನುತ್ತಿರುವ ಮಾತ್ರೆಗಳು ಜೊತೆಗಿರಲಿ. ಮುಂದಿನ ಆಸ್ಪತ್ರೆಗೆ ಕಳಿಸಿದರೆ ರೆಫರಲ್ ಚೀಟಿಯನ್ನು ಕೇಳಿ ಪಡೆದುಕೊಳ್ಳಿ.