ಖಡಕ್ ಮಾತು, ಮೆತ್ತನೆ ನಾಲಿಗೆ

1. ವಸೂಲಿಗೆ ಹೊತ್ತು ನೋಡಿ. ಸೊಲ್ಲಾಪುರದಲ್ಲಿ ಸಂಕ್ರಾಂತಿ ಎಂದರೆ ಸಿದ್ಧೇಶ್ವರನ ಜಾತ್ರೆ, ನಂದಿಧ್ವಜಗಳ ಮೆರವಣಿಗೆ. ‘ತಿಳಗೂಳ ಘ್ಯಾ, ಗೋಡ ಬೋಲಾ’ ಎಂದು ಮರಾಠಿ ನೆರೆಯವರು ಎಳ್ಳುಂಡೆ ಕೊಡುವ ದಿನ ಹಳೇ ಬಾಕಿ ಎತ್ತಬೇಡಿ. ಜಾತ್ರೆ ಮುಗಿಯಲಿ, ಎತ್ತಿ. ಬಿಡಬೇಡಿ ಮಾತ್ರ.

2. ಗಿರಾಕಿಯ ಭಾಷೆಯಲ್ಲಿ ನಿಜ ಹೇಳಿ. ಕನ್ನಡ, ಮರಾಠಿ, ತೆಲುಗು, ದಖನಿ ನಾಲ್ಕೂ ನಡೆಯುವ ಪೇಟೆ ಇದು. ಅಕ್ಕಲಕೋಟೆ ಕಡೆಯ ಹಿರಿಯರೊಬ್ಬರು ಚಾದರದ ಅಂಚನ್ನು ಬೆರಳಲ್ಲಿ ತಿಕ್ಕಿ, ‘ಬಣ್ಣ ಬಿಡತದೇನಪಾ?’ ಎಂದು ಕೇಳುತ್ತಾರೆ ಅನ್ನಿ. ‘ಇಲ್ಲ’ ಎಂದರೆ ಸುಳ್ಳು, ‘ಬಿಡತದ’ ಎಂದರೆ ವ್ಯಾಪಾರ ಕೆಟ್ಟಿತು. ‘ಮೊದಲನೇ ಒಗತಕ್ಕ ಸ್ವಲ್ಪ ಬಿಡತದ್ರಿ ಕಾಕಾ, ಬ್ಯಾರೆ ಅರಿವಿ ಜೋಡಿ ನೆನಿ ಹಾಕಬ್ಯಾಡ್ರಿ’ ಅನ್ನಿ. ಮುಂದಿನ ಮದುವೆ ಜವಳಿಗೂ ಅವರು ನಿಮ್ಮ ಅಂಗಡಿ ಮೆಟ್ಟಿಲೇ ಹತ್ತುತ್ತಾರೆ.

3. ಸಿಟ್ಟು ಬಂದಾಗ ವಾಟ್ಸಾಪ್ ಮುಟ್ಟಬೇಡಿ.

4. ಅಲ್ಲಮನನ್ನು ಅನುಕರಿಸಬೇಡಿ. 12ನೇ ಶತಮಾನದ ಸೊನ್ನಲಿಗೆ, ಅಂದರೆ ಇದೇ ಸೊಲ್ಲಾಪುರ. ಸಿದ್ಧರಾಮ ಕೆರೆ ಕಟ್ಟಿಸುತ್ತಿದ್ದ. ಅಲ್ಲಿಗೆ ಬಂದ ಅಲ್ಲಮ ಅವನನ್ನು ಮಣ್ಣು ಹೊರುವವನೆಂದು ಹೀಯಾಳಿಸಿದ, ಕೆಲಸದವರು ಕಲ್ಲು ತೂರಿದರು ಎನ್ನುತ್ತದೆ ಶೂನ್ಯಸಂಪಾದನೆ. ಕೊನೆಗೆ ಸಿದ್ಧರಾಮ ಅವನೊಂದಿಗೇ ಕಲ್ಯಾಣಕ್ಕೆ ಹೊರಟ, ನಿಜ. ಆದರೆ ಅಲ್ಲಮನಿಗೆ ಅಲ್ಲಮನ ಅನುಭಾವವಿತ್ತು. ನಿಮಗೂ ನನಗೂ ಕಲ್ಲಷ್ಟೇ ಗಿಟ್ಟೀತು.

5. ಒಬ್ಬರು ಸೋತ ಮಾತನ್ನು ಇನ್ನೊಬ್ಬರಿಂದ ಹೇಳಿಸಿ. ಕ್ರಿ.ಪೂ. 206ರ ಸುಮಾರಿಗೆ ಚೀನದ ದಂಗೆ ನಾಯಕ ಲಿಯು ಬಾಂಗ್ ಚಿನ್ ವಂಶದ ರಾಜಧಾನಿಯನ್ನು ಹಿಡಿದು, ಅರಮನೆಯ ಸುಖ ಕಂಡು ಅಲ್ಲೇ ತಳವೂರಲು ನೋಡಿದ. ‘ಬೇಡ’ ಎಂದ ಸೇನಾನಿ ಫಾನ್ ಕ್ವಾಯ್‌ನ ಮಾತು ಕಿವಿಗೆ ಬೀಳಲಿಲ್ಲ. ಆಮೇಲೆ ಬಂದವನು ಸಲಹೆಗಾರ ಝಾಂಗ್ ಲಿಯಾಂಗ್. ಚಿನ್ ದೊರೆಗಳು ದಾರಿ ತಪ್ಪಿದ್ದರಿಂದಲೇ ನೀವು ಇಲ್ಲಿಗೆ ಬಂದಿರಿ, ಬಂದ ಕೂಡಲೇ ಅದೇ ಭೋಗಕ್ಕೆ ಇಳಿಯಬಾರದು ಎಂದು ಕಾರಣ ಕೊಟ್ಟ; ಮದ್ದು ಬಾಯಿಗೆ ಕಹಿ, ಹಿತವಚನ ಕಿವಿಗೆ ಕಹಿ ಎಂಬ ಗಾದೆ ನೆನಪಿಸಿದ; ಫಾನ್ ಕ್ವಾಯ್ ಹೇಳಿದ್ದನ್ನು ಕೇಳಿ ಎಂದ. ಲಿಯು ಬಾಂಗ್ ಸೈನ್ಯದ ಬಿಡಾರಕ್ಕೆ ಮರಳಿದ. ಮುಂದೆ ಹಾನ್ ವಂಶದ ಮೊದಲ ಚಕ್ರವರ್ತಿಯಾದ. ಗಮನಿಸಿ: ಝಾಂಗ್ ಲಿಯಾಂಗ್ ಸಲಹೆಯನ್ನು ಕಿಂಚಿತ್ತೂ ಸಡಿಲಿಸಲಿಲ್ಲ, ಅದರ ಶ್ರೇಯಸ್ಸನ್ನೂ ತನ್ನ ಹೆಸರಿಗೆ ಬರೆದುಕೊಳ್ಳಲಿಲ್ಲ.

6. ತಪ್ಪು ತೋರಿಸುವುದಿದ್ದರೆ ಬದಿಗೆ ಕರೆದು ತೋರಿಸಿ. ಕಾರ್ಖಾನೆಯಲ್ಲಿ ನಾಲ್ಕು ಜನರ ಮುಂದೆ ಬೈಸಿಕೊಂಡ ನೇಕಾರ ಮರುದಿನ ಪಕ್ಕದ ಮಗ್ಗಕ್ಕೆ ಹೋಗುತ್ತಾನೆ.

7. ಅಕ್ಕಲಕೋಟೆಯ ಕಚೇರಿಗೆ ಕನ್ನಡ ಶಾಲೆಗೆ ಶಿಕ್ಷಕರು ಬೇಕೆಂದು ಹೋಗುತ್ತೀರಾ? ಸಾಹೇಬರಿಗೆ ಮರಾಠಿಯಲ್ಲೇ ನಮಸ್ಕಾರ ಹೇಳಿ, ಮರಾಠಿಯಲ್ಲೇ ವಿವರಿಸಿ. ನಿಮ್ಮ ಕನ್ನಡವೇನೂ ಸವೆಯುವುದಿಲ್ಲ. ಅರ್ಜಿಯಲ್ಲಿ ಮಾತ್ರ ಬೇಡಿಕೆಯ ಒಂದಕ್ಷರವನ್ನೂ ಮೆತ್ತಗೆ ಮಾಡಬೇಡಿ. ಮುಟ್ಟಿದ್ದಕ್ಕೆ ನಕಲಿನ ಮೇಲೆ ಸಿಕ್ಕಾ ಹಾಕಿಸಿಕೊಂಡೇ ಹೊರಗೆ ಬನ್ನಿ.