ಕಾಕಾನ ಹೆಸರಿನಲ್ಲಿ ಎತ್ತಿದ ಪಟ್ಟಿ

ನಮ್ಮ ಅಥಣಿಯಲ್ಲಿ ಪಟ್ಟಿ ಎತ್ತುವುದು ಯಾರಿಗೂ ಹೊಸದಲ್ಲ. ಜಾತ್ರೆಗೆ, ಗುಡಿಯ ಕಳಸಕ್ಕೆ, ಗಣಪತಿಗೆ, ಯುಗಾದಿ ಮುಂದೆ ಶ್ರೀಶೈಲಕ್ಕೆ ನಡೆದು ಹೋಗುವವರ ಪ್ರಸಾದಕ್ಕೆ, ಯಾವುದಕ್ಕೆ ಕೇಳಿದರೂ ಅಂಗಡಿಯವರು ಗಲ್ಲೆಗೆ ಕೈ ಹಾಕುತ್ತಾರೆ. ಆದರೆ ನಾನು ಕೇಳಹೊರಟದ್ದು ಓಟಕ್ಕೆ. ಅದೂ ದೂರದ ಮುಂಬೈಯಲ್ಲಿ, ಊರವರು ಯಾರೂ ನೋಡದ ಓಟಕ್ಕೆ. ಕಿರಾಣಿ ಅಂಗಡಿಯ ಹಿರಿಯರು ನನ್ನ ಮಾತನ್ನೆಲ್ಲ ಕೇಳಿ ಮುಗಿಸಿ, “ಅಲ್ಲೋ ತಮ್ಮಾ, ನೀ ಓಡಿದ್ರ ಕ್ಯಾನ್ಸರ್ ಹೆಂಗ ಹೋಗ್ತೈತಿ?” ಎಂದರು. ಅವರು ಚೇಷ್ಟೆ ಮಾಡಿದ್ದಲ್ಲ, ನಿಜವಾಗಿಯೇ ಕೇಳಿದ್ದು. ದಾನಕ್ಕಾಗಿ ಓಡುವ ಯಾರೇ ಆಗಲಿ ಮೊದಲು ಉತ್ತರ ಹುಡುಕಿಕೊಳ್ಳಬೇಕಾದ್ದು ಈ ಪ್ರಶ್ನೆಗೆ.

ನಾನು ಓಡಹೊರಟದ್ದು ನನ್ನ ಕಾಕಾನ ಹೆಸರಿನಲ್ಲಿ. ಅವನು ಚಪ್ಪಲಿ ಮಾಡುತ್ತಿದ್ದ. ಕೊಲ್ಹಾಪುರಿ ಎಂದು ದೇಶವೆಲ್ಲ ಕರೆಯುವ ಚಪ್ಪಲಿಯಲ್ಲಿ ಬಹಳಷ್ಟು ಅಥಣಿ, ನಿಪ್ಪಾಣಿ ಕಡೆಯ ಮನೆಗಳಲ್ಲಿ ತಯಾರಾಗುತ್ತದೆ. ಮೊಳೆ ಹೊಡೆಯದೆ ಚರ್ಮದ ದಾರದಿಂದಲೇ ಹೊಲಿಯುವ ಕೆಲಸ. ಎರಡೂ ಕೈಗೆ ಬಿಡುವಿಲ್ಲ, ಬಾಯಿ ಮಾತ್ರ ಖಾಲಿ. ಆ ಖಾಲಿ ಬಾಯಿಗೆ ತಂಬಾಕು. ಮುಂಜಾನೆ ಸುಣ್ಣ ಹಚ್ಚಿ ತಿಕ್ಕಿ ಒಳಗಿಟ್ಟರೆ ಸಂಜೆಯವರೆಗೂ ಅದರದೇ ಸರಣಿ. ಸುತ್ತಲಿನವರೂ ಹಾಗೇ ಇದ್ದುದರಿಂದ ಅದು ಯಾರ ಕಣ್ಣಿಗೂ ಚಟವಾಗಿ ಕಾಣಲಿಲ್ಲ. ನಿಪ್ಪಾಣಿಯ ಮಣ್ಣೇ ತಂಬಾಕಿನದು. ಅದನ್ನು ಬೆಳೆದು ಮನೆ ಕಟ್ಟಿದವರು, ಮಕ್ಕಳನ್ನು ಓದಿಸಿದವರು ನಮ್ಮ ನಡುವೆಯೇ ಇದ್ದಾರೆ. ಇಂಥ ಸೀಮೆಯಲ್ಲಿ ನಿಂತು ತಂಬಾಕಿನ ವಿರುದ್ಧ ಭಾಷಣ ಮಾಡುವುದು ಸುಲಭವಲ್ಲ.

ಕಾಕಾನ ಕೆನ್ನೆಯ ಒಳಗೆ ಹುಣ್ಣಾಯಿತು. ಖಾರ ತಾಗಿದರೆ ಉರಿ. ಆಮೇಲೆ ರೊಟ್ಟಿಯ ತುತ್ತಿಗೆ ಬಾಯಿ ತೆರೆಯದಾಯಿತು. ಅಥಣಿಯವರಿಗೆ ದೊಡ್ಡ ದವಾಖಾನೆ ಎಂದರೆ ಮಿರಜ. ವಾನ್ಲೆಸ್ ಎಂಬ ಮಿಷನರಿ ಡಾಕ್ಟರು 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ನಮ್ಮ ಹಿರಿಯರು ಅದೇ ಹಾದಿ ಹಿಡಿದವರು. ಮಿರಜದಲ್ಲಿ ಒಬ್ಬ ಡಾಕ್ಟರು ನೋಡಿ, ಮುಂಬೈಯ ಟಾಟಾ ಆಸ್ಪತ್ರೆಗೆ ಹೋಗಲು ಹೇಳಿದರು. ರಾತ್ರಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿದೆವು. ಆಪರೇಷನ್ ಆಯಿತು, ಆಮೇಲೆ ಕರೆಂಟು, ಅಂದರೆ ರೇಡಿಯೇಷನ್. ವಾರಕ್ಕೆ ಐದು ದಿನದಂತೆ ವಾರಗಟ್ಟಲೆ. ಒಂದು ಸಲಕ್ಕೆ ಕೆಲವೇ ನಿಮಿಷದ ಕೆಲಸ, ಆದರೆ ಅದಕ್ಕಾಗಿ ಊರಿಗೆ ಹೋಗಿಬರಲು ಸಾಧ್ಯವಿಲ್ಲ. ಆಯುಷ್ಮಾನ್‌ನಂಥ ಯೋಜನೆಗಳಿಂದ ಚಿಕಿತ್ಸೆಯ ಭಾರ ಎಷ್ಟೋ ಕುಟುಂಬಗಳಿಗೆ ಹಗುರಾಗಿದೆ. ಜತೆಗೆ ಬಂದವರ ಖೋಲಿ ಬಾಡಿಗೆ, ಊಟ, ತಪ್ಪಿದ ದಿನಗೂಲಿ ಮಾತ್ರ ಹೆಚ್ಚಾಗಿ ಮನೆಯವರ ತಲೆಯ ಮೇಲೆಯೇ. ಆಸ್ಪತ್ರೆ ಇರುವ ಪರೇಲ್‌ನ ಫುಟ್‌ಪಾತ್ ಮೇಲೆ ಫೈಲು ತಲೆಯಡಿಗಿಟ್ಟು ಮಲಗಿದ ರೋಗಿಗಳನ್ನು ಅಲ್ಲಿಗೆ ಹೋದವರೆಲ್ಲ ಕಂಡಿರುತ್ತಾರೆ. ದಾದರಿನ ಗಾಡಗೆ ಮಹಾರಾಜರ ಧರ್ಮಶಾಲೆಯಂಥ ಜಾಗಗಳು ಇವೆಯೆಂದೇ ಎಷ್ಟೋ ಬಡವರ ಚಿಕಿತ್ಸೆ ಪೂರ್ತಿಯಾಗುತ್ತದೆ. ನಮಗೂ ಅಂಥದೊಂದು ಕಡೆ ಜಾಗ ಸಿಕ್ಕಿತ್ತು. ಕಾಕಾ ಮಾತ್ರ ಉಳಿಯಲಿಲ್ಲ. ರೋಗ ಮರಳಿ ಬಂತು.

ಟಾಟಾ ಆಸ್ಪತ್ರೆಯೂ ಒಂದು ನೆನಪಿನಿಂದ ಹುಟ್ಟಿದ್ದು. ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಅಂಥ ರೋಗಕ್ಕೆ ನಮ್ಮ ದೇಶದಲ್ಲೇ ಚಿಕಿತ್ಸೆ ಸಿಗಬೇಕೆಂದು ಬಯಸಿದ ದೊರಾಬ್ಜಿ ಮರುವರ್ಷ ತಾವೂ ಹೋದರು. ಅವರ ಟ್ರಸ್ಟಿನವರು 1941ರ ಫೆಬ್ರವರಿ 28ರಂದು ಪರೇಲ್‌ನಲ್ಲಿ ಆಸ್ಪತ್ರೆ ತೆರೆದರು. ಇದೇ ದೊರಾಬ್ಜಿ, ಪುಣೆಯ ಡೆಕ್ಕನ್ ಜಿಮ್‌ಖಾನಾದಲ್ಲಿ ಬರಿಗಾಲಲ್ಲಿ ಓಡುವ ಹಳ್ಳಿಯ ಹುಡುಗರನ್ನು ಕಂಡು, 1920ರ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ತಂಡ ಕಳಿಸಲು ಮುಂದಾದವರು. ಆ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಇದ್ದರು. ಮ್ಯಾರಥಾನನ್ನು 2 ತಾಸು 50 ನಿಮಿಷದಲ್ಲಿ ಮುಗಿಸಿ 19ನೆಯವರಾದರು. ಜಿಲ್ಲೆಯಲ್ಲಿ ಅವರ ಹೆಸರು ಎಷ್ಟು ಮಂದಿಗೆ ಗೊತ್ತು ಎಂದು ಕೇಳಬೇಡಿ. ಇದನ್ನೆಲ್ಲ ಓದಿದಾಗ ಮುಂಬೈ ಮ್ಯಾರಥಾನ್ ನನಗೆ ಪರರ ಊರಿನ ಆಟ ಅನ್ನಿಸಲಿಲ್ಲ. ರೋಗಿಗಳಿಗೆ ಅಲ್ಲಿ ತಂಗಲು ಜಾಗ ಕೊಡುವ ಸಂಸ್ಥೆಯೊಂದರ ಪರವಾಗಿ ಹೆಸರು ಕೊಟ್ಟೆ.

ಓಟದ ತಯಾರಿಯ ಬಗ್ಗೆ ಹೇಳಬೇಕಾದ್ದು ಕಡಿಮೆ. ಓಟ ಜನವರಿಯಲ್ಲಿ. ದೂರದ ಓಟಗಳನ್ನು ರೂಢಿ ಮಾಡಿಕೊಳ್ಳಬೇಕಾದ ತಿಂಗಳುಗಳಲ್ಲೇ ನಮ್ಮಲ್ಲಿ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು, ಹಿಂದೆ ದೀಪವಿಲ್ಲದೆ ಬರುವ ಟ್ರ್ಯಾಕ್ಟರುಗಳ ನಡುವೆ ನಸುಕಿನಲ್ಲಿ ಓಡುವವರು ಎದುರಿನ ಗಾಡಿ ಕಾಣುವ ಬದಿಯಲ್ಲೇ ಓಡಬೇಕು, ಮಿಂಚುವ ಜಾಕೀಟು ಹಾಕಬೇಕು. ಹೊಲಕ್ಕೆ ಹೊರಟವರು ಸೈಕಲ್ ಮೋಟರು ನಿಲ್ಲಿಸಿ “ಎಲ್ಲಿಗಿ ಬಿಡ್ಲಿ?” ಎನ್ನುತ್ತಾರೆ. ನಮ್ಮ ಕಡೆಯ ಒಳ್ಳೆಯತನ ಓಟಗಾರನಿಗೆ ಒಂದು ತೊಂದರೆಯೇ.

ಕಲಿತದ್ದೆಲ್ಲ ಪಟ್ಟಿ ಎತ್ತುವಾಗ. ಮೊದಮೊದಲು “ಒಂದು ಸಮಾಜಸೇವಾ ಕೆಲಸಕ್ಕೆ” ಎಂದು ಸುತ್ತುಬಳಸಿ ಕೇಳುತ್ತಿದ್ದೆ. ಜನ ಹತ್ತು ರೂಪಾಯಿ ಕೊಟ್ಟು ಮುಂದೆ ಸಾಗಹಾಕುತ್ತಿದ್ದರು. ಕಾಕಾನ ಹೆಂಡತಿ, ನಮ್ಮ ಚಿಗವ್ವನೇ ಹೇಳಿದಳು: “ಅವರ ಹೆಸರ ಹೇಳು. ಬಾಯಾಗ ಏನಾಗಿತ್ತು ಅದನ್ನೂ ಹೇಳು. ಮುಚ್ಚಿಟ್ಟು ಯಾರಿಗಿ ಏನ ಚಲೋ ಆಗೇತಿ?” ಅಂದಿನಿಂದ ಕಾಕಾನ ಫೋಟೊ ಹಿಡಿದು ಹೋದೆ. ಒಬ್ಬರು ತಮ್ಮ ಮದುವೆಗೆ ಕಾಕಾ ಮಾಡಿಕೊಟ್ಟ ಚಪ್ಪಲಿಯ ಸುದ್ದಿ ತೆಗೆದರು. ಇನ್ನೊಬ್ಬರು ಅವನ ಹಳೆಯ ಬಾಕಿ ಎಂದು ಹೇಳಿ ಹೆಚ್ಚಿಗೆ ಬರೆಸಿದರು. ಚಪ್ಪಲಿ ಹೊಲಿಯುವ ಹೆಣ್ಣುಮಕ್ಕಳು ಒಂದು ದಿನದ ಕೂಲಿ ಕೂಡಿಸಿ ಕೊಟ್ಟರು. ನನ್ನ ದುಃಖ ಒಂದಿಷ್ಟು ಇಳಿದದ್ದು ಈ ಕಟ್ಟೆಗಳ ಮೇಲೆ ಕುಳಿತು ಕೇಳಿದ ಮಾತುಗಳಿಂದ. ಓಟಕ್ಕೆ ಆ ಶಕ್ತಿ ಇದೆ ಎಂದು ಬರೆಯುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಲೆಕ್ಕದ ಮಾತೂ ಇದೆ. ನನ್ನ ರೈಲು ಟಿಕೇಟು, ಬೂಟು, ಊಟ ಎಲ್ಲ ನನ್ನದೇ ಖರ್ಚು. ಪಟ್ಟಿಯ ಒಂದು ರೂಪಾಯಿಯನ್ನೂ ಅದಕ್ಕೆ ಮುಟ್ಟುವುದಿಲ್ಲ ಎಂದು ಪುಸ್ತಕದ ಮೊದಲ ಹಾಳೆಯಲ್ಲೇ ಬರೆದಿದ್ದೆ. ದೊಡ್ಡ ಮೊತ್ತ ಕೊಡುವವರು ಆದಾಯ ತೆರಿಗೆ ರಿಯಾಯಿತಿಗಾಗಿ 80ಜಿ ರಸೀದಿ ಕೇಳುತ್ತಾರೆ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ರಿಯಾಯಿತಿ ಸಿಗುವುದಿಲ್ಲ, ಆದ್ದರಿಂದ ಅಂಥವರಿಂದ ನೇರ ಸಂಸ್ಥೆಯ ಖಾತೆಗೇ ಹಾಕಿಸುವುದು ಒಳ್ಳೆಯದು.

ಪಾನ್ ಅಂಗಡಿಯವನೂ ಐದು ನೂರು ಕೊಟ್ಟ. ಅವನ ಹಿಂದೆ ಪುಡಿಕೆಗಳ ಸರ ತೂಗುತ್ತಿತ್ತು. ಗುಟ್ಕಾವನ್ನು ಕರ್ನಾಟಕದಲ್ಲಿ 2013ರಲ್ಲೇ ನಿಷೇಧಿಸಲಾಯಿತು. ಅಂದಿನಿಂದ ಪಾನ್ ಮಸಾಲೆ ಒಂದು ಪುಡಿಕೆಯಲ್ಲಿ, ತಂಬಾಕು ಇನ್ನೊಂದರಲ್ಲಿ, ಕಲಸುವ ಕೆಲಸ ಗಿರಾಕಿಯದು. ಅವನ ರೊಕ್ಕ ಬೇಡ ಅನ್ನಬೇಕಿತ್ತು ಎಂದು ಗೆಳೆಯರು ವಾದಿಸಿದರು. ನಾನು ತೆಗೆದುಕೊಂಡೆ. ಅವನ ಅಣ್ಣನಿಗೂ ಅದೇ ಬ್ಯಾನಿ ಆಗಿತ್ತು.

ಮುಂಬೈಯ ಓಟದಲ್ಲಿ ಸಿನಿಮಾದಂತೆ ಏನೂ ನಡೆಯಲಿಲ್ಲ. ಸೀ ಲಿಂಕ್ ಮೇಲೆ ಗಾಳಿ ಚೆನ್ನಾಗಿತ್ತು. ಕಡೆಯ ಹಂತದ ಪೆಡ್ಡರ್ ರೋಡ್ ಏರಿನಲ್ಲಿ ಕಾಲು ಹಿಡಿಯಿತು. ಅಥಣಿಯ ಒಣ ಹವೆಗೆ ರೂಢಿಯಾದ ಮೈ ಆ ಸಮುದ್ರದ ಸೆಕೆಗೆ ಬೆವರಿಳಿಸಿತು, ಕಾಕಾನಿಗಿಂತ ಹೆಚ್ಚಾಗಿ ಉಪ್ಪು ನೀರಿನ ನೆನಪೇ ಬರುತ್ತಿತ್ತು. ಐದು ತಾಸು ದಾಟಿಸಿ ಮುಟ್ಟಿದೆ.

ಊರಿಗೆ ಬಂದು ಕಿರಾಣಿ ಅಂಗಡಿಯ ಹಿರಿಯರಿಗೆ ಉತ್ತರ ಕೊಟ್ಟೆ: “ಓಡಿದ್ರ ಕ್ಯಾನ್ಸರ್ ಹೋಗುದಿಲ್ರಿ. ನೀವು ಕೊಟ್ಟ ರೊಕ್ಕದಾಗ ಯಾರರೆ ಒಬ್ರು ನಾಕ ದಿನ ಸೂರಿನ ಕೆಳಗ ಮಲಗ್ತಾರ.” ಅವರು ತಲೆಯಾಡಿಸಿ, ಬಾಯಿ ತೆರೆದು ಬೆಳಕಿಗೆ ತಿರುಗಿಸಿ, “ಇಲ್ಲಿ ಬೆಳ್ಳಗ ಆಗೈತಿ, ನೋಡು” ಎಂದರು. ಹೀಗೆ ತೋರಿಸಿದವರಲ್ಲಿ ಅವರೇ ಮೊದಲಿನವರಲ್ಲ. ಇದನ್ನು ಓದುವವರಲ್ಲಿ ತಂಬಾಕು ತಿನ್ನುವವರಿದ್ದರೆ ಒಂದು ಮಾತು. ಮೂರು ವಾರವಾದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಕಲೆ, ಮೂರು ಬೆರಳು ಹಿಡಿಸದಷ್ಟು ಬಿಗಿದ ಬಾಯಿ, ಇವುಗಳಲ್ಲಿ ಒಂದಿದ್ದರೂ ಹಲ್ಲಿನ ಡಾಕ್ಟರಿಗೆ ತೋರಿಸಿ. ಮುಂಬೈವರೆಗೆ ಹೋಗಬೇಕಿಲ್ಲ, ಮೊದಲ ತಪಾಸಣೆ ತಾಲ್ಲೂಕು ಊರಿನಲ್ಲೇ ಆಗುತ್ತದೆ.